ಅಲುಗದ ಅಂಗಗಳ ಬಲಸಾಧನೆ

ಪುಣೆಯ ಆಗ್ನೇಯ ಭಾಗದಲ್ಲಿ ಖುರ್ದ, ಬುದ್ರುಕ ಎಂಬ ಎರಡು ಹಳ್ಳಿಗಳಾಗಿ ಹೊಲಗಳ ನಡುವೆ ಹರಡಿಕೊಂಡಿದ್ದ ಕೊಂಢವಾ, ಈಚಿನ ದಶಕಗಳಲ್ಲಿ ಬಹುಮಹಡಿ ಸೌಧಗಳ ದಟ್ಟವಾದ ಉಪನಗರವಾಗಿ ಬೆಳೆದು, ನಾನಾ ಭಾಷೆಗಳ ಜನರೊಡನೆ ಬೆಳಗಾವಿ, ಧಾರವಾಡ, ವಿಜಯಪುರ, ಕಲಬುರ್ಗಿಗಳ ಕಡೆಯ ಕನ್ನಡ ಮನೆತನಗಳನ್ನೂ ತನ್ನ ಮಡಿಲಿಗೆ ಸೇರಿಸಿಕೊಂಡಿದೆ. ಉದ್ಯೋಗನಿಮಿತ್ತವಾಗಿ ಮಕ್ಕಳು ಇಲ್ಲಿ ನೆಲೆನಿಂತ ಮೇಲೆ, ವಯಸ್ಸಾದ ತಂದೆತಾಯಿಗಳು ಊರಿನ ಮನೆಗೆ ಬೀಗ ಹಾಕಿ ಬಂದು, ಒಂಬತ್ತನೆಯದೋ ಹತ್ತನೆಯದೋ ಅಂತಸ್ತಿನಲ್ಲಿ ತಮ್ಮ ಉಳಿದ ಆಯುಷ್ಯವನ್ನು ಕಳೆಯತೊಡಗುತ್ತಾರೆ. ಊರಿನಲ್ಲಿದ್ದಾಗ ಬಾವಿಯ ಹಗ್ಗ, ಹಿತ್ತಲ ಗಿಡ, ಸಂತೆಯ ಚೀಲ, ಗುಡಿಯ ಮೆಟ್ಟಿಲು ಇವೇ ಅವರ ವ್ಯಾಯಾಮಶಾಲೆಯಾಗಿದ್ದುವು. ಇಲ್ಲಿ ಲಿಫ್ಟು ಅವರನ್ನು ಇಳಿಸುತ್ತದೆ, ಲಿಫ್ಟೇ ಅವರನ್ನು ಏರಿಸುತ್ತದೆ. ದಿನವೂ ನಡೆಯಿರೆಂದು ವೈದ್ಯರು ವಿಧಿಸುವ ಹಿತವಚನವು ಎಷ್ಟು ಸತ್ಯವಾದುದಾದರೂ, ಲಾರಿಗಳ ಸಾಲು ಮುಗಿಯದ ಕಾತ್ರಜ್–ಕೊಂಢವಾ ರಸ್ತೆಯ ಅಂಚಿನಲ್ಲಿ ಎಪ್ಪತ್ತು ದಾಟಿದವರು ಹೇಗೆ ನಡೆಯಬೇಕೆಂಬ ಪ್ರಶ್ನೆಗೆ ಆ ಹಿತವಚನದಲ್ಲಿ ಉತ್ತರವಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತು ದೇಶದಾದ್ಯಂತ ನಡೆಯಿಸಿ ೨೦೨೩ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ನಮ್ಮ ವಯಸ್ಕರಲ್ಲಿ ಶೇಕಡಾ ೩೫.೫ ಮಂದಿಗೆ ರಕ್ತದ ಒತ್ತಡವು ಹೆಚ್ಚಾಗಿದೆ. ಅಂತಹವರಿಗೆ ಮನೆಯ ಗೋಡೆಯೊಂದೇ ಸಾಧನವಾಗಬಲ್ಲ ವ್ಯಾಯಾಮವೊಂದುಂಟು ಎಂಬುದನ್ನೂ, ಅದನ್ನು ಮಾಡುವುದರಲ್ಲಿ ವಹಿಸಬೇಕಾದ ಎಚ್ಚರವು ಆ ವ್ಯಾಯಾಮದ ಒಂದು ಅಂಗವೇ ಆಗಿದೆಯೆಂಬುದನ್ನೂ ಇಲ್ಲಿ ಕೊಂಚ ವಿಸ್ತಾರವಾಗಿ ನಿರೂಪಿಸುವುದು ನನ್ನ ಉದ್ದೇಶ.

ಮಾಂಸಖಂಡವು ಬಿಗಿಯುವಾಗ ಸಾಮಾನ್ಯವಾಗಿ ಕೀಲು ಬಾಗುತ್ತದೆ ಅಥವಾ ನೀಳುತ್ತದೆ. ಕೊಡವನ್ನೆತ್ತುವಾಗ ಮೊಣಕೈ ಮಡಚಿಕೊಳ್ಳುವಂತೆ. ಆದರೆ ಅದೇ ಕೊಡವನ್ನು ಎತ್ತಿ ಸೊಂಟದ ಬಳಿ ಅಲುಗದಂತೆ ಹಿಡಿದು ನಿಂತಾಗ, ಕೀಲು ಚಲಿಸುವುದಿಲ್ಲ, ಮಾಂಸಖಂಡದ ಉದ್ದವು ಬದಲಾಗುವುದಿಲ್ಲ, ಆದರೂ ಅದರೊಳಗಿನ ಅಸಂಖ್ಯ ಸೂಕ್ಷ್ಮ ತಂತುಗಳು ಒಂದನ್ನೊಂದು ಸೆಳೆಯುತ್ತಲೇ ಇರುತ್ತವೆ. ಈ ಬಗೆಯ ಸ್ಥಿರವಾದ ಬಿಗಿತವನ್ನು ಕ್ರಮಬದ್ಧವಾಗಿ ಅಭ್ಯಾಸಮಾಡುವುದೇ ಐಸೊಮೆಟ್ರಿಕ್ ವ್ಯಾಯಾಮ. ಗೋಡೆಗೆ ಬೆನ್ನೊತ್ತಿ, ಇಲ್ಲದ ಕುರ್ಚಿಯ ಮೇಲೆ ಕುಳಿತಂತೆ ನಿಲ್ಲುವ ವಾಲ್ ಸಿಟ್, ಮೊಣಕೈ ಮತ್ತು ಕಾಲ್ಬೆರಳುಗಳ ಮೇಲೆ ದೇಹವನ್ನು ಹಲಗೆಯಂತೆ ಹಿಡಿಯುವ ಪ್ಲ್ಯಾಂಕ್, ಸುತ್ತಿದ ಟವೆಲನ್ನು ಮುಷ್ಟಿಯಲ್ಲಿ ಅದುಮುವುದು, ಎದೆಯ ಮುಂದೆ ಎರಡು ಅಂಗೈಗಳನ್ನು ಜೋಡಿಸಿ ಒಂದರ ಮೇಲೊಂದು ಒತ್ತುವುದು, ಹಣೆಯನ್ನು ಅಂಗೈಗೆ ಒತ್ತಿ ಕತ್ತನ್ನು ಬಲಪಡಿಸುವುದು ಇವೆಲ್ಲ ಈ ಜಾತಿಗೆ ಸೇರಿದುವು.

ಈ ಸ್ಥಿರಬಲದ ಅರಿವು ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಅಭ್ಯಾಸಗಳನ್ನು ಹೇಳುವಾಗ, ಭಾರವನ್ನೆತ್ತುವುದು, ನೀರಿನಲ್ಲಿ ಈಜುವುದು ಇವುಗಳ ಜೊತೆಗೆ ಕಂಬವನ್ನು ಹಿಡಿದು ಮಾಡುವ ಸ್ತಂಭಶ್ರಮವೂ ಉಕ್ತವಾಗಿದೆ. ಇಂದು ಗದಗ ಜಿಲ್ಲೆಯ ಲಕ್ಷ್ಮೇಶ್ವರದ ಹುಡುಗರು ಮಲ್ಲಕಂಬದ ತುದಿಯಲ್ಲಿ ಒಂದೇ ತೊಡೆಯ ಹಿಡಿತದಿಂದ ದೇಹವನ್ನು ಅಡ್ಡಲಾಗಿ ಚಾಚಿ ನಿಲ್ಲುವುದನ್ನು ಕಂಡವರಿಗೆ, ಚಲನೆಯಿಲ್ಲದ ಶ್ರಮವೆಷ್ಟು ಘನವಾದದ್ದೆಂಬುದನ್ನು ಬೇರೆ ವಿವರಿಸಬೇಕಾದುದಿಲ್ಲ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ಕಟ್ಟಿ, ೧೯೩೦ರಲ್ಲಿ ‘ಮಸಲ್ ಕಲ್ಟ್’ ಎಂಬ ಗ್ರಂಥವನ್ನು ಹೊರತಂದು, ಅಂಚೆಯ ಮೂಲಕ ದೂರದೂರದ ತರುಣರಿಗೆ ಅಂಗಸಾಧನೆಯ ಪಾಠಗಳನ್ನು ಕಳುಹಿಸಿದ ಕೆ. ವಿ. ಅಯ್ಯರ್ ಅವರು — ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದವರೂ ಇವರೇ — ಭಾರದ ಗುಂಡುಗಳಿಗೂ ಆಸನಗಳಿಗೂ ವೈರವಿಲ್ಲವೆಂದು ಸಾರಿದ ಮೊದಲಿಗರಲ್ಲೊಬ್ಬರು.

ಆದರೆ ಪುಣೆಯಲ್ಲಿ ಕುಳಿತು ಈ ವಿಷಯವನ್ನು ಕುರಿತು ಬರೆಯುವವನಿಗೆ ಮೊದಲು ನೆನಪಾಗಬೇಕಾದ ಹೆಸರು ಬಿ. ಕೆ. ಎಸ್. ಅಯ್ಯಂಗಾರ್ ಅವರದು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ೧೯೧೮ರ ಡಿಸೆಂಬರಿನಲ್ಲಿ, ಜಗತ್ತನ್ನೇ ನಡುಗಿಸಿದ ಇನ್‌ಫ್ಲುಯೆಂಜಾದ ಕಾಲದಲ್ಲಿ ಹುಟ್ಟಿ, ಬಾಲ್ಯವನ್ನೆಲ್ಲ ಮಲೇರಿಯ, ಕ್ಷಯ, ವಿಷಮಶೀತಜ್ವರಗಳಲ್ಲಿ ಕಳೆದು, ಕೃಶವಾದ ಕೈಕಾಲುಗಳೊಡನೆ ೧೯೩೪ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಗೆ, ತಮ್ಮ ಭಾವ ಟಿ. ಕೃಷ್ಣಮಾಚಾರ್ಯರ ಬಳಿಗೆ ಬಂದ ಆ ಹುಡುಗನು ಮುಂದೆ ಜಗದ್ವಿಖ್ಯಾತನಾದಾನೆಂದು ಯಾರೂ ಎಣಿಸಿರಲಾರರು. ಗುರುವು ಉತ್ತರ ಕರ್ನಾಟಕದಲ್ಲಿ ಸಂಚಾರ ಕೈಗೊಂಡಾಗ ಬೆಳಗಾವಿಯಲ್ಲಿ ಸಿವಿಲ್ ಸರ್ಜನ್ ಆಗಿದ್ದ ಡಾ. ವಿ. ಬಿ. ಗೋಖಲೆಯವರು ಯೋಗವಿದ್ಯೆಯಲ್ಲಿ ಆಸಕ್ತರಾಗಿ, ತಾವು ನಿವೃತ್ತರಾಗಿ ಪುಣೆಯಲ್ಲಿ ನೆಲೆಸಿದ ಮೇಲೆ, ೧೯೩೭ರಲ್ಲಿ ಈ ತರುಣನನ್ನು ಡೆಕ್ಕನ್ ಜಿಮಖಾನಾಕ್ಕೆ ಕರೆಸಿಕೊಂಡರು. ಆರು ತಿಂಗಳ ಮಟ್ಟಿಗೆಂದು ಬಂದವರು ಎಪ್ಪತ್ತೇಳು ವರ್ಷ ಪುಣೆಯಲ್ಲಿಯೇ ಉಳಿದು, ೨೦೧೪ರ ಆಗಸ್ಟ್ ೨೦ರಂದು ಇಲ್ಲಿಯೇ ದೇಹವಿಟ್ಟರು. ಭಾಷೆ ಬಾರದ, ಬಂಧುಗಳಿಲ್ಲದ ಊರಿನಲ್ಲಿ ದಿನವೂ ಗಂಟೆಗಟ್ಟಲೆ ತಮ್ಮ ದೇಹದ ಮೇಲೆಯೇ ಪ್ರಯೋಗಗಳನ್ನು ನಡೆಯಿಸಿ ಅವರು ಕಂಡುಕೊಂಡ ಮಾರ್ಗದಲ್ಲಿ ಎರಡು ಅಂಶಗಳು ನಮ್ಮ ಪ್ರಸ್ತುತ ವಿಷಯಕ್ಕೆ ನೇರವಾಗಿ ಸಂಬಂಧಪಟ್ಟಿವೆ. ಮೊದಲನೆಯದು, ಆಸನವನ್ನು ಪ್ರವೇಶಿಸಿದ ಮೇಲೆ ಅದರಲ್ಲಿ ಗೊತ್ತಾದ ಕಾಲದವರೆಗೆ ನಿಲ್ಲುವುದು, ನಿಂತಿರುವಾಗ ಪ್ರತಿಯೊಂದು ಅಂಗವೂ ತನ್ನ ಸ್ಥಾನದಲ್ಲಿ ಜಾಗೃತವಾಗಿರುವಂತೆ ನೋಡಿಕೊಳ್ಳುವುದು. ಎರಡನೆಯದು, ಗೋಡೆ, ಹಗ್ಗ, ಇಟ್ಟಿಗೆ, ಪಟ್ಟಿ, ಕುರ್ಚಿ ಮುಂತಾದ ಆಧಾರಗಳನ್ನು ಕೊಟ್ಟು, ದುರ್ಬಲನೂ ರೋಗಿಯೂ ವೃದ್ಧನೂ ಆ ನಿಲುವಿನಲ್ಲಿ ಅಪಾಯವಿಲ್ಲದೆ ನಿಲ್ಲುವಂತೆ ಮಾಡುವುದು. ಶಿವಾಜಿನಗರದ ಮಾಡೆಲ್ ಕಾಲನಿಯಲ್ಲಿ ೧೯೭೫ರಲ್ಲಿ ಆರಂಭವಾದ ರಮಾಮಣಿ ಅಯ್ಯಂಗಾರ್ ಸ್ಮಾರಕ ಯೋಗ ಸಂಸ್ಥೆಯಲ್ಲಿ ಈ ಪದ್ಧತಿಯ ಬೋಧನೆಯು ಇಂದಿಗೂ ನಡೆಯುತ್ತಿದೆ. ವೀರಭದ್ರಾಸನದಲ್ಲಿ ಮುಂಗಾಲನ್ನು ಮಡಚಿ ಅಲುಗದೆ ನಿಂತವನ ತೊಡೆಯಲ್ಲಿ ನಡೆಯುವ ಕಾರ್ಯಕ್ಕೂ, ಗೋಡೆಗೆ ಬೆನ್ನೊತ್ತಿ ಕುಳಿತವನ ತೊಡೆಯಲ್ಲಿ ನಡೆಯುವ ಕಾರ್ಯಕ್ಕೂ ಶರೀರಶಾಸ್ತ್ರದ ದೃಷ್ಟಿಯಿಂದ ಹೆಚ್ಚಿನ ಭೇದವಿಲ್ಲ. ಆಸನದ ಗುರಿ ಇನ್ನೂ ಆಚೆಗಿನದೆಂಬುದನ್ನು ಮರೆಯದೆಯೇ ಈ ಮಾತನ್ನು ಹೇಳುತ್ತಿದ್ದೇನೆ.

ಅಯ್ಯಂಗಾರರು ಪುಣೆಗೆ ಬಂದ ಅದೇ ೧೯೩೭ರಲ್ಲಿ, ಈಜಿಪ್ಟಿನ ಕೈರೋ ನಗರದಲ್ಲಿ ಕೆಲಸಮಾಡುತ್ತಿದ್ದ ಆಲಮ್ ಮತ್ತು ಸ್ಮರ್ಕ್ ಎಂಬ ಇಬ್ಬರು ವಿಜ್ಞಾನಿಗಳು, ಶ್ರಮಪಡುತ್ತಿರುವ ಮಾಂಸಖಂಡದ ರಕ್ತಸಂಚಾರವನ್ನು ಪಟ್ಟಿ ಬಿಗಿದು ತಡೆದರೆ ಶ್ರಮ ನಿಂತ ಮೇಲೆಯೂ ರಕ್ತದೊತ್ತಡವು ಏರಿಯೇ ಇರುತ್ತದೆಂಬುದನ್ನು ತೋರಿಸಿದರು. ಸ್ಥಿರವ್ಯಾಯಾಮದ ಗುಣಕ್ಕೂ ದೋಷಕ್ಕೂ ಕೀಲಿಕೈ ಈ ಶೋಧದಲ್ಲಿದೆ. ಬಿಗಿದ ಮಾಂಸಖಂಡವು ತನ್ನೊಳಗಿನ ಸಣ್ಣ ರಕ್ತನಾಳಗಳನ್ನು ತಾನೇ ಅದುಮುತ್ತದೆ. ರಕ್ತವು ಸರಾಗವಾಗಿ ಬಾರದುದರಿಂದ ದಹನಶೇಷಗಳು ಅಲ್ಲಿಯೇ ಕೂಡಿಕೊಳ್ಳುತ್ತವೆ. ಆ ಸುದ್ದಿಯನ್ನು ನರಗಳು ಮೆದುಳಿಗೆ ಮುಟ್ಟಿಸಲು, ಮೆದುಳು ಹೃದಯದ ವೇಗವನ್ನೂ ನಾಳಗಳ ಬಿಗಿತವನ್ನೂ ಹೆಚ್ಚಿಸಿ, ಹೆಚ್ಚಿನ ಒತ್ತಡದಿಂದ ರಕ್ತವನ್ನು ಅಲ್ಲಿಗೆ ನುಗ್ಗಿಸಲೆಳಸುತ್ತದೆ. ಬಿಗಿತವನ್ನು ಸಡಿಲಿಸಿದ ಕ್ಷಣದಲ್ಲಿ, ತೂಬೆತ್ತಿದ ಕೆರೆಯ ನೀರಿನಂತೆ, ರಕ್ತವು ಆ ಅಂಗಕ್ಕೆ ಧಾವಿಸುತ್ತದೆ; ನಾಳಗಳ ಒಳಪದರವು ಆ ಪ್ರವಾಹದ ಘರ್ಷಣೆಗೆ ಪ್ರತಿಯಾಗಿ ನೈಟ್ರಿಕ್ ಆಕ್ಸೈಡನ್ನು ಸ್ರವಿಸಿ ನಾಳಗಳನ್ನು ಹಿಗ್ಗಿಸುತ್ತದೆ. ವಾರಗಳುದ್ದಕ್ಕೂ ಇದು ಪುನಃಪುನಃ ನಡೆದಾಗ ನಾಳಗಳು ಮೃದುವಾಗುವುದರಿಂದಲೂ, ನಾಳಗಳನ್ನು ಬಿಗಿಹಿಡಿಯುವ ನರವ್ಯೂಹದ ಉದ್ರೇಕವು ತಗ್ಗುವುದರಿಂದಲೂ ವಿಶ್ರಾಂತಿಯ ವೇಳೆಯ ಒತ್ತಡವು ಇಳಿಯುತ್ತದೆಂದು ವಿಜ್ಞಾನಿಗಳು ವಿವರಿಸುತ್ತಾರೆ. ಅಭ್ಯಾಸದ ಹೊತ್ತಿನಲ್ಲಿ ಒತ್ತಡವನ್ನು ಏರಿಸುವ ಕ್ರಿಯೆಯೇ ಕಾಲಾಂತರದಲ್ಲಿ ಅದನ್ನು ಇಳಿಸುವುದೆಂಬ ಈ ವಿಚಿತ್ರವನ್ನು ಚೆನ್ನಾಗಿ ಮನಗಂಡವರಿಗೆ, ಮುಂದೆ ಹೇಳಲಿರುವ ಎಚ್ಚರಿಕೆಗಳು ಅಂಜಿಕೆಯ ಮಾತುಗಳಾಗಿ ತೋರಲಾರವು.

ಈ ವಿದ್ಯೆಗೆ ಒಮ್ಮೆ ಅತಿಪ್ರಚಾರದ ಪೀಡೆಯೂ ತಗುಲಿತ್ತು. ೧೯೫೩ರಲ್ಲಿ ಜರ್ಮನಿಯ ಡಾರ್ಟ್‌ಮುಂಡಿನಲ್ಲಿ ಹೆಟಿಂಗರ್ ಮತ್ತು ಮ್ಯೂಲರ್ ಎಂಬುವರು, ಮಾಂಸಖಂಡವು ತನ್ನ ಪೂರ್ಣಶಕ್ತಿಯ ಮೂರರಲ್ಲಿ ಎರಡು ಪಾಲಿನಷ್ಟು ಬಲವನ್ನು ದಿನಕ್ಕೊಮ್ಮೆ ಆರೇ ಸೆಕೆಂಡುಗಳ ಕಾಲ ಪ್ರಯೋಗಿಸಿದರೆ ವಾರಕ್ಕೆ ಶೇಕಡಾ ೫ರಂತೆ ಶಕ್ತಿ ಬೆಳೆಯುವುದೆಂದು ವರದಿಮಾಡಿದರು. ಅಮೆರಿಕೆಯಲ್ಲಿ ೧೯೬೦ರ ದಶಕದ ಆದಿಯಲ್ಲಿ ಇದೊಂದು ಹುಚ್ಚಾಗಿ ಹಬ್ಬಿತು. ಅನಂತರದ ಪ್ರಯೋಗಗಳಲ್ಲಿ ಅಷ್ಟು ವೇಗದ ವೃದ್ಧಿ ಕಂಡುಬರಲಿಲ್ಲ. ಹೊಗಳಿಕೆಯೊಡನೆ ವಿದ್ಯೆಯೂ ಮೂಲೆಗೆ ಸೇರಿತು. ಆರೇ ಸೆಕೆಂಡುಗಳ ಆಶ್ವಾಸನೆಯನ್ನು ನಂಬಿದ ಜನ, ನಿಜವಾಗಿ ದೊರೆಯುತ್ತಿದ್ದ ಸಾಧಾರಣ ಫಲವನ್ನೂ ಕೈಬಿಟ್ಟರೆಂಬುದೇ ನನಗೆ ದುಃಖದ ಸಂಗತಿ.

ಮರಳಿ ಅದಕ್ಕೆ ಗೌರವ ಬಂದುದು ರಕ್ತದೊತ್ತಡದ ದಾರಿಯಿಂದ. ೧೯೯೨ರಲ್ಲಿ ಅಮೆರಿಕೆಯ ರೊನಾಲ್ಡ್ ವೈಲಿ ಮತ್ತು ಅವರ ಸಂಗಡಿಗರು, ಮುಷ್ಟಿಯ ಪೂರ್ಣಬಲದ ಶೇಕಡಾ ೩೦ರಷ್ಟನ್ನು ಮಾತ್ರ ಬಳಸಿ ಎರಡೆರಡು ನಿಮಿಷಗಳಂತೆ ನಾಲ್ಕು ಬಾರಿ ಹಿಡಿಕೆಯನ್ನು ಅದುಮುವ ಅಭ್ಯಾಸವನ್ನು ವಾರಕ್ಕೆ ಮೂರು ದಿನ ಮಾಡಿಸಿ, ಒತ್ತಡವು ಗಮನಾರ್ಹವಾಗಿ ಇಳಿದುದನ್ನು ಪ್ರಕಟಿಸಿದರು. ೨೦೨೩ರಲ್ಲಿ ಇಂಗ್ಲೆಂಡಿನ ಕ್ಯಾಂಟರ್ಬರಿಯ ಸಂಶೋಧಕರು ಮುಖ್ಯರಾಗಿ, ೨೭೦ ಪ್ರಯೋಗಗಳ ೧೫,೮೨೭ ಮಂದಿಯ ಫಲಿತಾಂಶಗಳನ್ನು ಒಟ್ಟುಗೂಡಿಸಿ ತೂಗಿನೋಡಿದಾಗ, ಸ್ಥಿರವ್ಯಾಯಾಮದಿಂದ ಮೇಲಿನ ಒತ್ತಡವು ಸರಾಸರಿ ೮.೨೪ ಮಿಲಿಮೀಟರ್, ಕೆಳಗಿನದು ೪ ಮಿಲಿಮೀಟರ್ ಇಳಿದಿತ್ತು; ನಡಿಗೆ, ಓಟ, ಸೈಕಲ್ಲುಗಳಂತಹ ವ್ಯಾಯಾಮಗಳಿಂದ ಇಳಿದುದು ಕ್ರಮವಾಗಿ ೪.೪೯ ಮತ್ತು ೨.೫೩. ಮೇಲಿನ ಒತ್ತಡವನ್ನು ಇಳಿಸುವುದರಲ್ಲಿ ಎಲ್ಲಕ್ಕಿಂತ ಮುಂದೆ ನಿಂತುದು ಗೋಡೆಗೆ ಬೆನ್ನೊತ್ತಿ ಕೂರುವ ಅಭ್ಯಾಸ. ಎಂಟು ಮಿಲಿಮೀಟರೆಂದರೆ ಒಂದು ಸಾಮಾನ್ಯ ಮಾತ್ರೆ ತರುವ ಇಳಿಕೆಗೆ ಸಮೀಪವಾದುದು, ಅಲ್ಪವೆನ್ನುವಂತಿಲ್ಲ. ಆದರೂ ಆ ೨೭೦ರಲ್ಲಿ ಸ್ಥಿರವ್ಯಾಯಾಮವನ್ನು ಕುರಿತ ಪ್ರಯೋಗಗಳು ನಡಿಗೆ, ಓಟಗಳನ್ನು ಕುರಿತವುಗಳಿಗಿಂತ ಬಹಳ ಕಡಿಮೆಯೆಂಬುದನ್ನೂ, ಸರಾಸರಿಯೆಂಬುದು ಯಾವ ಒಬ್ಬ ವ್ಯಕ್ತಿಯ ಭವಿಷ್ಯವೂ ಅಲ್ಲವೆಂಬುದನ್ನೂ ನೆನಪಿಡಬೇಕು. ಪತ್ರಿಕೆಯಲ್ಲಿ ಇಂತಹ ಸುದ್ದಿಯನ್ನೋದಿ ಮಾತ್ರೆಯನ್ನು ತಾನೇ ನಿಲ್ಲಿಸಿದವನು ಆ ವಿಜ್ಞಾನಿಗಳು ಹೇಳದ ಮಾತನ್ನು ನಂಬಿದಂತಾಯಿತು.

ಒತ್ತಡದ ವಿಷಯವನ್ನು ಬಿಟ್ಟರೂ ಇದಕ್ಕೆ ಬೇರೆ ಪ್ರಯೋಜನಗಳುಂಟು. ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಮಾರನೆಯ ದಿನವೇ ಫಿಸಿಯೋಥೆರಪಿಯವರು ಮೊಣಕಾಲಿನ ಕೆಳಗೆ ಟವೆಲಿನ ಸುರುಳಿಯಿಟ್ಟು, ಅದನ್ನು ಕೆಳಕ್ಕೊತ್ತಿ ತೊಡೆಯನ್ನು ಬಿಗಿಯಿರೆಂದು ಹೇಳುವ ‘ಸ್ಟ್ಯಾಟಿಕ್ ಕ್ವಾಡ್ಸ್’ ಈ ಜಾತಿಯದೇ. ಕೀಲು ಚಲಿಸಲಾರದ ಸ್ಥಿತಿಯಲ್ಲಿಯೂ ಮಾಂಸಖಂಡವು ಸೊರಗದಂತೆ ಕಾಯುವ ಸುಲಭವಾದ ಉಪಾಯ ಇದು. ಸಂಧಿವಾತದಿಂದ ಕೀಲನ್ನು ಮಡಚಿದೊಡನೆ ನೋವಾಗುವವರಿಗೆ, ನೋವಿಲ್ಲದ ಕೋನವೊಂದನ್ನು ಆರಿಸಿಕೊಂಡು ಅಲ್ಲಿಯೇ ಬಲವನ್ನು ಬೆಳೆಸಿಕೊಳ್ಳುವ ಅವಕಾಶ ಇದರಲ್ಲಿದೆ. ಇದರ ಕೊರತೆಯೂ ಇಲ್ಲಿಯೇ ಇದೆ: ಯಾವ ಕೋನದಲ್ಲಿ ಅಭ್ಯಾಸಮಾಡುತ್ತೇವೆಯೋ ಆ ಕೋನದಲ್ಲಿಯೂ ಅದರ ಎರಡು ಬದಿಗೆ ಇಪ್ಪತ್ತು ಮೂವತ್ತು ಡಿಗ್ರಿಗಳ ಆಸುಪಾಸಿನಲ್ಲಿಯೂ ಬಲವು ಹೆಚ್ಚುತ್ತದೆಯೇ ವಿನಾ, ದೂರದ ಕೋನಗಳಿಗೆ ಅದು ಅಷ್ಟಾಗಿ ವ್ಯಾಪಿಸುವುದಿಲ್ಲ. ತಗ್ಗಾದ ಸೋಫಾದಿಂದ ಏಳಲಾರದ ಅಜ್ಜಿಗೆ ಅರ್ಧ ಮಡಚಿದ ಮೊಣಕಾಲಿನ ಬಲವೊಂದೇ ಸಾಲದು. ಬಲ ಬಂದಂತೆಲ್ಲ ಕೋನವನ್ನೂ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ ಹೋಗಬೇಕು.

ಇನ್ನು ಅಪಾಯಗಳ ವಿಚಾರ. ಎಲ್ಲಕ್ಕೂ ಮೊದಲನೆಯದು ಉಸಿರು. ಭಾರವಾದ ಶ್ರಮದಲ್ಲಿ ಮನುಷ್ಯನು ತನಗರಿವಿಲ್ಲದೆಯೇ ಉಸಿರು ಕಟ್ಟಿ ತಿಣುಕುತ್ತಾನೆ. ಎದೆಗೂಡಿನೊಳಗಿನ ಒತ್ತಡವು ರಕ್ತನಾಳಗಳಿಗೂ ಹರಡುತ್ತದೆ. ೧೯೮೫ರಲ್ಲಿ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಮೆಕ್‌ಡೂಗಲ್ ಮತ್ತು ಸಂಗಡಿಗರು, ಐದು ಮಂದಿ ಪಳಗಿದ ಅಂಗಸಾಧಕರ ಧಮನಿಯೊಳಗೇ ಮಾಪಕವನ್ನಿಟ್ಟು, ಎರಡೂ ಕಾಲುಗಳಿಂದ ಅತಿಭಾರವನ್ನು ನೂಕಿಸಿದಾಗ ಸರಾಸರಿ ೩೨೦/೨೫೦ರ ಒತ್ತಡ ಕಂಡಿತು. ಒಬ್ಬನಲ್ಲಂತೂ ಅದು ೪೮೦/೩೫೦ನ್ನು ದಾಟಿತು. ಅದು ಭಾರವನ್ನು ಚಲಿಸುವಂತೆ ಮಾಡುವ ವ್ಯಾಯಾಮವೇ ಆದರೂ, ಪೂರ್ಣಬಲ ಮತ್ತು ಕಟ್ಟಿದ ಉಸಿರು ಎರಡೂ ಕೂಡಿದಾಗ ಏನಾಗುವುದೆಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವಿಲ್ಲ. ತರುಣ ದೇಹವು ಆ ಕ್ಷಣವನ್ನು ತಾಳಿಕೊಂಡೀತು. ಎಪ್ಪತ್ತರ ಧಮನಿಯು ತಾಳಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಆದುದರಿಂದಲೇ ಒತ್ತಡದ ಚಿಕಿತ್ಸೆಗಾಗಿ ಮಾಡುವ ಸ್ಥಿರವ್ಯಾಯಾಮದಲ್ಲಿ ಮಿತವಾದ ಬಲವನ್ನೂ ತೆರೆದ ಉಸಿರನ್ನೂ ನಿಯಮಮಾಡಿರುವುದು.

ನಮ್ಮ ಕಟ್ಟಡದಲ್ಲಿಯೇ ಧಾರವಾಡದ ಕಡೆಯ ನಿವೃತ್ತ ಶಾಲಾಮಾಸ್ತರರೊಬ್ಬರಿದ್ದಾರೆ. ಮೊಣಕಾಲು ನೋವಿಗೆ ಅವರ ಮನೆಗೆ ಬಂದು ಹೋಗುವ ಫಿಸಿಯೋಥೆರಪಿಯ ಹೆಣ್ಣುಮಗಳು ಹುಬ್ಬಳ್ಳಿಯವಳು. ಅವರು ಗೋಡೆಗೆ ಬೆನ್ನುಕೊಟ್ಟು ಹಲ್ಲುಕಚ್ಚಿ ನಿಂತುದನ್ನು ಕಂಡು ಆಕೆ, “ಅಜ್ಜಾರ, ಉಸಿರು ಹಿಡೀಬ್ಯಾಡ್ರಿ, ಬಾಯಿಬಿಟ್ಟು ಎಣಸ್ರಿ” ಎಂದಳು. “ಎಣಿಸಿಕೋತ ನಿಂತರ ದಮ್ಮು ಹತ್ತತೈತಲ್ಲವಾ ತಂಗಿ” ಎಂದರವರು. “ಹಂಗಿದ್ರ ಅಷ್ಟು ಕೆಳಗ ಇಳೀಬ್ಯಾಡ್ರಿ, ದಮ್ಮು ಹತ್ತೂದಕ್ಕಿಂತ ಮೊದಲ ಏಳ್ರಿ” ಎಂಬುದು ಆಕೆಯ ಉತ್ತರ. ಸುರಕ್ಷತೆಯ ಶಾಸ್ತ್ರದ ಬಹುಭಾಗ ಆ ಎರಡು ಮಾತುಗಳಲ್ಲಿ ಅಡಕವಾಗಿದೆಯೆಂದು ನನ್ನ ಭಾವನೆ. ಗಟ್ಟಿಯಾಗಿ ಎಣಿಸುವವನು ಉಸಿರನ್ನು ಕಟ್ಟಲಾರ. ಎಣಿಸಲಾಗದಷ್ಟು ಶ್ರಮವೆನಿಸಿದರೆ ಶ್ರಮವು ಮಿತಿಮೀರಿತೆಂದೇ ಅರ್ಥ.

ಅಯ್ಯಂಗಾರರು ೧೯೬೬ರಲ್ಲಿ ಪ್ರಕಟಿಸಿದ ‘ಲೈಟ್ ಆನ್ ಯೋಗ’ದಲ್ಲಿ ಮೊದಲನೆಯ ವೀರಭದ್ರಾಸನವನ್ನು ವಿವರಿಸಿದ ಮೇಲೆ, ಹೃದಯದೌರ್ಬಲ್ಯವುಳ್ಳವರು ಇದನ್ನು ಮಾಡಕೂಡದೆಂದೂ, ಸಾಕಷ್ಟು ದೃಢಕಾಯರಾದವರೂ ಇದರಲ್ಲಿ ಬಹಳ ಹೊತ್ತು ನಿಲ್ಲಬಾರದೆಂದೂ ಎಚ್ಚರಿಸಿದ್ದಾರೆ. ದೀರ್ಘಕಾಲ ನಿಲ್ಲುವುದನ್ನೇ ತಮ್ಮ ಪದ್ಧತಿಯ ಜೀವವನ್ನಾಗಿ ಮಾಡಿಕೊಂಡ ಗುರುವೇ ನಿಲ್ಲುವುದಕ್ಕೆ ಗಡಿಯನ್ನೂ ಹಾಕಿದುದು ನನಗೆ ಅತ್ಯಂತ ಆದರಣೀಯವಾಗಿ ಕಾಣುತ್ತದೆ. ಇಂದಿನ ವೈದ್ಯಶಾಸ್ತ್ರವು ಆ ಗಡಿಯನ್ನು ಇನ್ನಷ್ಟು ಸ್ಪಷ್ಟಪಡಿಸಿದೆ. ವಿಶ್ರಾಂತಿಯಲ್ಲಿಯೇ ೧೮೦/೧೧೦ರ ಮೇಲೆ ಒತ್ತಡವಿರುವವರು, ಈಚೆಗೆ ಹೃದಯಾಘಾತಕ್ಕೋ ಪಾರ್ಶ್ವವಾಯುವಿಗೋ ಗುರಿಯಾದವರು, ಮಹಾಧಮನಿಯಲ್ಲಿ ಉಬ್ಬಿರುವವರು, ಮಧುಮೇಹದಿಂದ ಕಣ್ಣಿನ ಅಕ್ಷಿಪಟಲವು ಹಾಳಾಗಿ ರಕ್ತ ಸ್ರವಿಸುವ ಭಯವುಳ್ಳವರು, ಹರ್ನಿಯಾ ಇರುವವರು ವೈದ್ಯರ ಸ್ಪಷ್ಟವಾದ ಅನುಮತಿಯಿಲ್ಲದೆ ಇದಕ್ಕೆ ಕೈಹಾಕತಕ್ಕುದಲ್ಲ. ಎದೆಯಲ್ಲಿ ಬಿಗಿತ, ದವಡೆಗೋ ಎಡತೋಳಿಗೋ ಹರಿಯುವ ನೋವು, ಕಣ್ಣಿಗೆ ಮಂಜು, ತಲೆಸುತ್ತು ಇವುಗಳಲ್ಲಿ ಯಾವುದು ಕಂಡರೂ ಆ ಕ್ಷಣವೇ ನಿಲ್ಲಿಸಬೇಕು, ತಡಮಾಡದೆ ವೈದ್ಯರನ್ನು ಕಾಣಬೇಕು.

ಈ ದೋಷಗಳಿಲ್ಲದವರಿಗೆ ವಿಧಾನ ಸುಲಭ. ಪುಣೆಯ ಫ್ಲ್ಯಾಟುಗಳ ನುಣುಪಾದ ಟೈಲ್ಸಿನ ಮೇಲೆ ಸಾಕ್ಸು ಹಾಕಿಕೊಂಡು ನಿಲ್ಲುವುದು ಬಿದ್ದು ಸೊಂಟ ಮುರಿದುಕೊಳ್ಳುವುದಕ್ಕೆ ದಾರಿ. ಬರಿಗಾಲಲ್ಲಿ, ಜಾರದ ಚಾಪೆಯ ಮೇಲೆ, ಕೈಗೆಟಕುವಂತೆ ಒಂದು ಗಟ್ಟಿ ಕುರ್ಚಿಯನ್ನಿಟ್ಟುಕೊಂಡು ನಿಲ್ಲತಕ್ಕದ್ದು. ಬೆನ್ನು ಗೋಡೆಗೆ ಪೂರ್ತಿಯಾಗಿ ತಾಗಿರಲಿ, ಪಾದಗಳು ಗೋಡೆಯಿಂದ ಎರಡಡಿಯಷ್ಟು ಮುಂದಿರಲಿ, ಮೊಣಕಾಲು ಹಿಮ್ಮಡಿಯ ನೇರಕ್ಕಿರಲಿ. ಮೊದಮೊದಲು ಗೋಡೆಯ ಗುಂಟ ಒಂದು ಗೇಣು ಜಾರಿದರೂ ಸಾಕು. ಇಪ್ಪತ್ತು ಮೂವತ್ತು ಸೆಕೆಂಡುಗಳಿಂದ ಆರಂಭಿಸಿ, ವಾರಗಳ ಮೇಲೆ ಎರಡು ನಿಮಿಷಗಳವರೆಗೆ ಬೆಳೆಸಬಹುದು. ಎರಡು ನಿಮಿಷದ ನಿಲುವು, ಎರಡು ನಿಮಿಷದ ವಿಶ್ರಾಂತಿ, ಹೀಗೆ ನಾಲ್ಕು ಬಾರಿ, ವಾರಕ್ಕೆ ಮೂರು ದಿನ: ಒಂದು ಸಲಕ್ಕೆ ಹದಿನಾಲ್ಕು ನಿಮಿಷಗಳ ಕೆಲಸ. ಬಿಗಿತವನ್ನು ಬಿಟ್ಟೊಡನೆ ಒತ್ತಡವು ಥಟ್ಟನೆ ಇಳಿಯುವುದರಿಂದ, ಮುಗಿದ ಕೂಡಲೇ ಸ್ತಬ್ಧವಾಗಿ ನಿಲ್ಲದೆ ನಾಲ್ಕು ಹೆಜ್ಜೆ ಮೆಲ್ಲನೆ ಓಡಾಡುವುದು ಲೇಸು. ಮೊಣಕಾಲು ಒಪ್ಪದವರು ಕುರ್ಚಿಯಲ್ಲಿ ಕುಳಿತೇ ಸುತ್ತಿದ ಟವೆಲನ್ನು ತಮ್ಮ ಬಲದ ಮೂರನೆಯ ಒಂದು ಪಾಲಿನಷ್ಟರಿಂದ ಮುಷ್ಟಿಯಲ್ಲಿ ಹಿಡಿಯಬಹುದು.

ಇದು ನಡಿಗೆಗೆ ಪ್ರತಿನಿಧಿಯಲ್ಲ. ಶ್ವಾಸಕೋಶದ ತಾಳಿಕೆಯನ್ನಾಗಲಿ, ಕೀಲುಗಳ ಸಡಿಲವಾದ ಚಲನೆಯನ್ನಾಗಲಿ, ನಾಲ್ಕು ಜನರನ್ನು ಕಂಡು ಮಾತಾಡುವ ಸುಖವನ್ನಾಗಲಿ ಗೋಡೆಯು ಕೊಡಲಾರದು. ಕಟ್ಟಡದ ಆವರಣದಲ್ಲಿ ಸಾಧ್ಯವಾದಷ್ಟು ನಡೆಯುವುದು ಇದ್ದೇ ಇರಬೇಕು. ಕೆಲವು ವಾರ ಬಿಟ್ಟರೆ ಇಳಿದ ಒತ್ತಡವು ಹಿಂದಿನ ಮಟ್ಟಕ್ಕೆ ಮರಳುವುದೂ ಉಂಟು. ಆದಕಾರಣ ಆರಂಭಿಸುವ ಮುನ್ನ ಒಂದು ವಾರ ದಿನವೂ ಒಂದೇ ಹೊತ್ತಿಗೆ, ಐದು ನಿಮಿಷ ಸುಮ್ಮನೆ ಕುಳಿತ ಮೇಲೆ, ಮನೆಯ ಬಿ.ಪಿ. ಯಂತ್ರದಲ್ಲಿ ನೋಡಿ ಅಂಕಿಗಳನ್ನು ನೋಟುಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ; ಎಂಟು ವಾರಗಳ ಅಭ್ಯಾಸದ ಬಳಿಕ ಹಾಗೆಯೇ ಇನ್ನೊಂದು ವಾರ ಬರೆಯಿರಿ; ಎರಡನ್ನೂ ವೈದ್ಯರ ಮುಂದಿಡಿ. ಮಾತ್ರೆಯನ್ನು ಇಳಿಸುವುದೋ ಇದ್ದಂತೆ ಮುಂದುವರಿಸುವುದೋ ಎಂಬ ನಿರ್ಣಯ ಅವರದು.